ದೀಪದ ಹೊತ್ತಿನ ಇಟಾಲಿಯನ್

ಹೋದ ವಾರ ಜಯನಗರದ ಮಾರುಕಟ್ಟೆಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟೊಂದನ್ನು ಹಿಡಿದು ನಿಂತಿದ್ದೆ. ಸೊಪ್ಪಿನಾಕೆ ನನ್ನ ಮುಖವನ್ನೇ ದಿಟ್ಟಿಸಿ, "ಏನಕ್ಕಾ, ಸೊಪ್ಪಿಗೆ ಮಂತ್ರ ಹಾಕ್ತಿದ್ದೀರಾ? ಹುಳ ಇಲ್ಲ, ಧೈರ್ಯವಾಗಿ ತಗೊಳ್ಳಿ" ಎಂದಳು. ಆಗಲೇ ನನ್ನ ತುಟಿ ಅಲ್ಲಾಡುತ್ತಿರುವುದು ನನಗೂ ಗೊತ್ತಾದದ್ದು. ಬಾಯೊಳಗೆ ನಡೆಯುತ್ತಿದ್ದದ್ದು ಇದು: ಕೊಂಪ್ರೊ, ಕೊಂಪ್ರಿ, ಕೊಂಪ್ರಾ. ಇಟಾಲಿಯನ್ನಿನಲ್ಲಿ ನಾನು ಕೊಳ್ಳುತ್ತೇನೆ, ನೀನು ಕೊಳ್ಳುತ್ತೀಯೆ, ಅವಳು ಕೊಳ್ಳುತ್ತಾಳೆ. ಸೊಪ್ಪನ್ನು ಚೀಲಕ್ಕೆ ಹಾಕಿಕೊಂಡು ಹೊರಟವಳು ನಾಲ್ಕು ಹೆಜ್ಜೆ ಹೋಗಿ ನಿಂತು, ಕೊಂಪ್ರಿಯಾಮೊ, ಕೊಂಪ್ರಾತೆ, ಕೊಂಪ್ರಾನೊ ಎಂದು ಉಳಿದದ್ದನ್ನೂ ಮುಗಿಸಿದೆ. ಅರ್ಧಕ್ಕೆ ಬಿಡುವ ಧೈರ್ಯ ನನಗೆ ಈಗ ಇಲ್ಲ. ಯಾಕೆಂದು ಹೇಳುತ್ತೇನೆ, ಆದರೆ ನೀವು ನಗಬಾರದು.

ಐವತ್ತು ದಾಟಿದ ಹೆಂಗಸಿಗೆ ಇಟಾಲಿಯನ್ ಯಾಕೆ ಬೇಕಿತ್ತು ಎಂಬುದು ಮೊದಲನೆಯ ಪ್ರಶ್ನೆ. ಕೋಣನಕುಂಟೆಯ ಹತ್ತಿರ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಗ್ರಾನೈಟ್ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಯಂತ್ರಗಳ ಬಿಡಿಭಾಗಗಳನ್ನು ಇಟಲಿಯಿಂದ ತರಿಸಿ ಇಲ್ಲಿನ ಕಾರ್ಖಾನೆಗಳಿಗೆ ಕೊಡುತ್ತೇವೆ. ವರ್ಷಕ್ಕೊಮ್ಮೆ ಅಲ್ಲಿಂದ ಒಬ್ಬ ಟೆಕ್ನಿಷಿಯನ್ ಬರುತ್ತಾನೆ. ಅವನಿಗೆ ಇಂಗ್ಲಿಷ್ ಬಾರದು, ನಮಗೆ ಅವನ ಭಾಷೆ ಬಾರದು. ಎರಡೂ ಕಡೆಯವರು ಸ್ಪ್ಯಾನರ್ ತೋರಿಸಿಕೊಂಡು ದಿನ ಕಳೆಯುತ್ತಿದ್ದೆವು. ಕೊನೆಗೆ ನಮ್ಮ ಮಾಲೀಕರು, "ಮೇಡಂ, ಕಾಫಿ ಬೇಕಾ ಅಂತ ಕೇಳೋಷ್ಟು ಕಲೀರಿ ಸಾಕು. ಫೀಸ್ ಆಫೀಸ್ ಕೊಡುತ್ತೆ" ಎಂದರು.

ನಾನು ಒಪ್ಪಿದ್ದು ಆಫೀಸಿನ ಸಲುವಾಗಿ ಎಂದು ಎಲ್ಲರಿಗೂ ಹೇಳಿದೆ. ನಿಜವೆಂದರೆ ಮನೆಯಲ್ಲಿ ಮಾತು ನಿಂತುಹೋಗಿತ್ತು. ಹಿಂದಿನ ವರ್ಷ ಅಮ್ಮನಿಗೆ ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಒಟ್ಟಿಗೆ ಹೋಗಿದ್ದವು. ಕಾಲು ಅಷ್ಟಿಷ್ಟು ಬಂತು, ಕೈ ಬರಲಿಲ್ಲ, ಮಾತಂತೂ ಬರಲೇ ಇಲ್ಲ. ಅಮ್ಮನಿಗೆ ಎಲ್ಲ ಕೇಳಿಸುತ್ತದೆ, ಏನೋ ಅರ್ಥವೂ ಆಗುತ್ತದೆ. ಆದರೆ ನನ್ನನ್ನು ನೋಡುವಾಗ ಬ್ಯಾಂಕಿನ ಕೌಂಟರಿನಲ್ಲಿ ಕೂತವರನ್ನು ನೋಡುವಂತೆ ನೋಡುತ್ತಿದ್ದಳು. ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ಅಮ್ಮ ನನ್ನನ್ನು ಹೆಸರು ಹಿಡಿದು ಕರೆಯಬೇಕು. ಬಚ್ಚಲಿನಿಂದ ಕೂಗುತ್ತಿದ್ದಳಲ್ಲ, "ನಳಿನೀ, ಟವಲ್ ಕೊಡೇ" ಅಂತ, ಆ ಕೂಗು ಕೇಳಿದರೆ ಸಾಕೆಂದು ಎಷ್ಟೋ ಸಂಜೆ ಬಚ್ಚಲ ಬಾಗಿಲಿಗೆ ಒರಗಿ ಅತ್ತಿದ್ದೇನೆ.

ಹಾಗಾಗಿ ಪ್ರತಿ ಶನಿವಾರ ಜೆ.ಪಿ. ನಗರಕ್ಕೆ ಹೋಗತೊಡಗಿದೆ. ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ತರಗತಿ. ಕಲಿಸುವವಳು ಅನನ್ಯ ಎಂಬ ಹುಡುಗಿ, ಇಟಲಿಯಲ್ಲಿ ಓದಿ ಬಂದವಳು. ಕಲಿಯುವವರೆಲ್ಲ ಅವಳಿಗಿಂತ ಚಿಕ್ಕವರು, ನಾನೊಬ್ಬಳು ಅವಳ ತಾಯಿಯ ವಯಸ್ಸಿನವಳು. ಕೆಳಗಿನಿಂದ ಪಫ್ಸಿನ ವಾಸನೆ ಬರುತ್ತಿದ್ದರೆ ಯಾರಿಗೂ ವ್ಯಾಕರಣದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ನನಗೆ ಮಾತ್ರ ನಿಂತಿತು. ಕ್ರಮ ತಪ್ಪದ ಕ್ರಿಯಾಪದಗಳು ಎಂದು ಅನನ್ಯ ಬೋರ್ಡಿನ ಮೇಲೆ ಬರೆದು, ಪದದ ಬಾಲ ಕತ್ತರಿಸಿ ಆರು ಹೊಸ ಬಾಲಗಳನ್ನು ಒಂದೊಂದಾಗಿ ಅಂಟಿಸಿದಳು. "ಇಷ್ಟೇ. ಈ ಆರು ಬಂದ್ರೆ ಸಾವಿರ ವರ್ಬ್ ಬಂದ ಹಾಗೆ" ಎಂದಳು. ಇದು ನನಗೆ ಗೊತ್ತಿದ್ದ ವಿದ್ಯೆ.

ನನ್ನ ಸರದಿ ಬಂದಾಗ ಎದ್ದು ನಿಂತು, ಕೈಕಟ್ಟಿ, ಕಣ್ಣು ಅರ್ಧ ಮುಚ್ಚಿ ಶುರು ಮಾಡಿದೆ. ಪಾರ್ಲೊ ಪಾರ್ಲಿ ಪಾರ್ಲಾ, ಪಾರ್ಲಿಯಾಮೊ ಪಾರ್ಲಾತೆ ಪಾರ್ಲಾನೊ. ನಾನು ಮಾತಾಡುತ್ತೇನೆ ಎಂಬಲ್ಲಿಂದ ಅವರು ಮಾತಾಡುತ್ತಾರೆ ಎಂಬಲ್ಲಿಯವರೆಗೆ, ರಾಮಃ ರಾಮೌ ರಾಮಾಃ ಎಂದು ಚಿಕ್ಕಂದಿನಲ್ಲಿ ಹೇಳುತ್ತಿದ್ದ ಅದೇ ಧಾಟಿಯಲ್ಲಿ, ಮೂರರ ನಂತರ ಉಸಿರು ತೆಗೆದುಕೊಂಡು. ತರಗತಿಯೆಲ್ಲ ಗೊಳ್ಳೆಂದಿತು. "ಆಂಟಿ, ಇದು ಮಾತಾಡೋ ಭಾಷೆ, ಸಹಸ್ರನಾಮ ಅಲ್ಲ" ಎಂದು ಅನನ್ಯ ಕಣ್ಣು ಒರೆಸಿಕೊಂಡಳು. ನಾನೂ ನಕ್ಕೆ. ಆದರೆ ಬೇರೆ ರೀತಿಯಲ್ಲಿ ಕಲಿಯುವುದು ನನಗೆ ಬಾರದು. ನಮ್ಮ ಮನೆಯಲ್ಲಿ ಕಲಿತದ್ದೆಲ್ಲ ಬಾಯಿಪಾಠದಿಂದಲೇ.

ಆ ಬಾಯಿಪಾಠದ ವಿಚಾರ ಹೇಳಬೇಕು. ತ್ಯಾಗರಾಜನಗರದ ಇದೇ ಮನೆ. ಈಗ ಮೇಲೆ ಎರಡು ಮಹಡಿ ಎದ್ದಿವೆ, ಎದುರಿನ ಬಯಲಿನಲ್ಲಿ ಅಪಾರ್ಟ್‌ಮೆಂಟ್ ಬಂದು ನಮ್ಮ ಹಾಲಿಗೆ ಬಿಸಿಲು ಮಧ್ಯಾಹ್ನಕ್ಕೇ ಮುಗಿದುಹೋಗುತ್ತದೆ. ಆಗ ಹಾಗಿರಲಿಲ್ಲ. ಸಂಜೆ ಆಟ ಮುಗಿಸಿ ಬಂದರೆ ಕೈಕಾಲು ತೊಳೆದು, ಒದ್ದೆ ಪಾದದಲ್ಲೇ ಬಂದು ದೀಪದ ಪಕ್ಕ ಮಣೆಯ ಮೇಲೆ ಕೂರಬೇಕು. ಸಂವತ್ಸರಗಳು, ನಕ್ಷತ್ರಗಳು, ಮಗ್ಗಿ, ಶಬ್ದಗಳು. ಅರ್ಥ ಯಾರೂ ಹೇಳುತ್ತಿರಲಿಲ್ಲ, ನಾನು ಕೇಳುತ್ತಲೂ ಇರಲಿಲ್ಲ. ಅಪ್ಪನದು ಊರೂರು ತಿರುಗುವ ನೌಕರಿ, ನನ್ನ ನೆನಪಿನಲ್ಲಿ ಅವರು ಸೂಟ್‌ಕೇಸಿನ ಜೊತೆಗೇ ಇರುತ್ತಾರೆ. ಮನೆಯಲ್ಲಿ ಇದ್ದವರು ಅಮ್ಮ ಮತ್ತು ಅಮ್ಮನ ತಂಗಿ ಕಮಲ ಚಿಕ್ಕಮ್ಮ.

ಚಿಕ್ಕಮ್ಮ ಮದುವೆಯಾಗಲಿಲ್ಲ. ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದಳು, ಧ್ವನಿ ಗಾಜಿನ ಲೋಟಕ್ಕೆ ಚಮಚ ತಾಗಿದ ಹಾಗೆ. ಕೆಲಸದಿಂದ ಬಂದವಳು ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದಳು, ಅಮ್ಮ ಮಂಚದ ಮೇಲೆ. ಅಕ್ಕ ತಂಗಿಯರಿಗೆ ಹುಳಿಗೆ ಉಪ್ಪು ಎಷ್ಟು ಎಂಬುದರಿಂದ ಹಿಡಿದು ಎಲ್ಲದರಲ್ಲೂ ಜಗಳ. ಬಾಯಿಪಾಠದಲ್ಲಿ ಮಾತ್ರ ಒಂದೇ ಬಾಯಿ. ಮೊದಲ ಅರ್ಧ ಅಮ್ಮ, ಉಳಿದ ಅರ್ಧ ಚಿಕ್ಕಮ್ಮ. ಅವರ ಹಿಂದೆ ನಾನು. ನಡುವೆ ಆಕಳಿಸಿ ನಿಲ್ಲಿಸಿದರೆ ಚಿಕ್ಕಮ್ಮ ಬಿಡುತ್ತಿರಲಿಲ್ಲ. "ದೀಪದ ಮುಂದೆ ಅರ್ಧಕ್ಕೆ ನಿಲ್ಲಿಸ್ಬೇಡ್ವೇ. ನೀನು ಬಿಟ್ಟಿದ್ದನ್ನ ಇನ್ಯಾರಾದ್ರೂ ಹೇಳ್ಕೋತಾರೆ" ಎನ್ನುತ್ತಿದ್ದಳು. ಇನ್ಯಾರು ಎಂದು ಕೇಳಿದರೆ ಇಬ್ಬರೂ ಮುಂದಿನ ಸಾಲಿಗೆ ಹೋಗಿಬಿಡುತ್ತಿದ್ದರು. ನಾನು ಕಿಟಕಿಯ ಕಡೆಗೆ ಬೆನ್ನು ಹಾಕದೆ ಕೂರುವ ಅಭ್ಯಾಸ ಮಾಡಿಕೊಂಡೆ.

ಚಿಕ್ಕಮ್ಮ ಹೋಗಿ ಕೆಲವು ವರ್ಷಗಳಾದವು. ಕುರ್ಚಿ ಕಿಟಕಿಯ ಪಕ್ಕದಲ್ಲೇ ಉಳಿಯಿತು. ಅದರಲ್ಲಿ ಕೂರಬಾರದೆಂದು ಯಾರೂ ಹೇಳಲಿಲ್ಲ, ಕೂತವರೂ ಇಲ್ಲ. ಬಂದ ನೆಂಟರು ಕೂಡ ಒಂದು ಕ್ಷಣ ಅದರ ಮುಂದೆ ನಿಂತು ಆಮೇಲೆ ಸೋಫಾಕ್ಕೆ ಹೋಗುತ್ತಾರೆ. ನಾನೂ ಚಿಕ್ಕಮ್ಮನ ಹಾದಿಯನ್ನೇ ಹಿಡಿದು ಒಂಟಿಯಾಗಿ ಉಳಿದೆ. ಇನ್ನೂ ಮಣೆಯ ಮೇಲೇ ಕೂತು ಸಂಜೆಯ ದೀಪ ಹಚ್ಚುತ್ತೇನೆ. ಏಳುವಾಗ ಮಂಡಿಗಳು ಮಾಡುವ ಸದ್ದಿಗೆ ದೀಪವೇ ಬೆಚ್ಚಬೇಕು.

ಇಟಾಲಿಯನ್ನನ್ನೂ ಅಲ್ಲೇ ಕೂತು ಬಾಯಿಪಾಠ ಮಾಡತೊಡಗಿದೆ. ದೇವರು ಏನಂದುಕೊಂಡನೋ ಗೊತ್ತಿಲ್ಲ. ಅಮ್ಮ ಮಂಚದ ಮೇಲೆ ಗೋಡೆಗೆ ಒರಗಿ ಕೂತು ದೀಪವನ್ನು ನೋಡುತ್ತಿರುತ್ತಿದ್ದಳು. ಅಮ್ಮನನ್ನು ಹಗಲು ನೋಡಿಕೊಳ್ಳಲು ಬರುವ ರೇಣುಕಾ ಆ ಹೊತ್ತಿಗೆ ಬ್ಯಾಗು ಹೆಗಲಿಗೇರಿಸಿ ಹೊರಡುತ್ತಾಳೆ. ಗದಗದ ಕಡೆಯ ಹುಡುಗಿ, ಬಿಟಿಎಂನಲ್ಲಿ ತನ್ನೂರಿನ ಹುಡುಗಿಯರ ಜೊತೆ ಬಾಡಿಗೆಗೆ ಇದ್ದಾಳೆ. "ಅಕ್ಕಾರ, ನೀವು ಯಾವ ದೇವರ ಸ್ತೋತ್ರ ಹೇಳ್ತೀರಿ? ನಮ್ಮ ಕಡೆ ಕೇಳೇ ಇಲ್ರಿ" ಎಂದಿದ್ದಳು ಮೊದಲ ದಿನ.

ಒಂದು ಸಂಜೆ ಪಾರ್ಲೊ, ಪಾರ್ಲಿ, ಪಾರ್ಲಾ ಎಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಕಾಲಿಂಗ್ ಬೆಲ್ ಆಯಿತು. ಪಾರ್ಸೆಲ್ ಹುಡುಗ. ಫೋನು ಹಿಡಿದು ಎದ್ದು ಹೋದೆ. ಅವನಿಗೆ ಓಟಿಪಿ ಹೇಳುತ್ತಿದ್ದಾಗ ಹಿಂದಿನಿಂದ, ಹಾಲಿನೊಳಗಿಂದ, ಸ್ಪಷ್ಟವಾಗಿ ಕೇಳಿಸಿತು. ಪಾರ್ಲಿಯಾಮೊ, ಪಾರ್ಲಾತೆ, ಪಾರ್ಲಾನೊ. "ಸಾಂಗ್ ಚೆನ್ನಾಗಿದೆ ಮೇಡಂ" ಎಂದು ಹುಡುಗ ಹೊರಟುಹೋದ. ಅವನಿಗೂ ಕೇಳಿಸಿತ್ತು. ನನ್ನ ಫೋನು ನನ್ನ ಕೈಯಲ್ಲೇ ಇತ್ತು, ಟಿವಿ ಆರಿತ್ತು. ಬಾಗಿಲು ಹಾಕುವುದಕ್ಕೂ ಕೈ ಬರದೆ ನಿಂತೆ. ಒಳಗೆ ಹೋಗಲು ಭಯವಾಯಿತು ಎಂದರೆ ನಂಬುತ್ತೀರಾ? ನನ್ನದೇ ಮನೆ, ಒಳಗೆ ಇರುವವಳು ನನ್ನದೇ ತಾಯಿ. ಆದರೂ ಭಯವಾಯಿತು.

ಒಳಗೆ ಅಮ್ಮ ಮೊದಲಿನಂತೆಯೇ ದೀಪ ನೋಡುತ್ತಿದ್ದಳು. ಮಣೆಯ ಮೇಲೆ ಕೂತು ಮತ್ತೆ ಮೊದಲ ಮೂರನ್ನು ಹೇಳಿ ಬೇಕೆಂದೇ ನಿಲ್ಲಿಸಿದೆ. ಅಮ್ಮನ ತುಟಿ ತೆರೆಯಿತು. ಉಳಿದ ಮೂರು ಬಂದವು. ವರ್ಷದಿಂದ ಮುಚ್ಚಿದ್ದ ಬಾಯಿಂದ, ಒಂದಿಷ್ಟೂ ತೊದಲದೆ. ನಾನು ಎದ್ದು ಹೋಗಿ ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತೆ. ಆಮೇಲೆ ಮುಖವೆತ್ತಿ, "ಅಮ್ಮಾ, ನನ್ನ ಹೆಸರೇನು? ಹೇಳಮ್ಮಾ" ಎಂದೆ. ಅಮ್ಮ ನನ್ನ ಭುಜದ ಮೇಲಿನಿಂದ ಕಿಟಕಿಯ ಕಡೆ ನೋಡಿದಳು.

ಮಾತಿನ ಅಭ್ಯಾಸ ಮಾಡಿಸುವ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಅವಸರದಲ್ಲಿ ಯಾವುದನ್ನೂ ಹೇಳುವುದಿಲ್ಲ. ಎಣಿಕೆ, ಪ್ರಾರ್ಥನೆ, ವಾರಗಳ ಹೆಸರು, ಇಂಥವು ಮಾತು ಹೋದವರಿಗೂ ಕೆಲವೊಮ್ಮೆ ಉಳಿದಿರುತ್ತವೆ ಎಂದು ವಿವರಿಸಿದರು. "ಆದ್ರೆ ಅದು ಹಳೇದು ಮೇಡಂ, ಚಿಕ್ಕಂದಿನಿಂದ ಹೇಳಿದ್ದು. ಇದು ಹೊಸ ಭಾಷೆ. ಹೀಗೆ ಬಂದಿದ್ದು ನಾನು ನೋಡಿಲ್ಲ" ಎಂದು ಪೆನ್ನಿನ ಮುಚ್ಚಳವನ್ನು ತಿರುಗಿಸುತ್ತಾ ಕೂತರು. ಆಮೇಲೆ, "ಬರ್ತಾ ಇದೆಯಲ್ಲ, ನಿಲ್ಲಿಸ್ಬೇಡಿ. ಒಂದು ಬಂದ್ರೆ ಇನ್ನೊಂದು ಬರ್ಬಹುದು" ಎಂದರು. ಆ ಇನ್ನೊಂದು ಯಾವುದಾಗಬೇಕೆಂದು ನನಗೆ ಗೊತ್ತಿತ್ತು. ಬರುವಾಗ ಆಟೋದಲ್ಲಿ ಅಮ್ಮನ ಕೈ ಹಿಡಿದು ನನ್ನ ಹೆಸರನ್ನೇ ಜಪ ಮಾಡಿದೆ.

ಅಲ್ಲಿಂದ ನಮ್ಮಿಬ್ಬರ ಸಂಜೆಗಳಿಗೆ ಹೊಸ ಜೀವ ಬಂತು. ನಾನು ಅರ್ಧ, ಅಮ್ಮ ಅರ್ಧ. ದೋರ್ಮೊ, ದೋರ್ಮಿ, ದೋರ್ಮೆ ಎಂದು ನಾನು ನಿದ್ದೆ ಹೋದರೆ ದೋರ್ಮಿಯಾಮೊ, ದೋರ್ಮಿತೆ, ದೋರ್ಮೊನೊ ಎಂದು ಅಮ್ಮ ಊರನ್ನೇ ಮಲಗಿಸುತ್ತಿದ್ದಳು. ಒಂದು ಪದವೂ ತಪ್ಪುತ್ತಿರಲಿಲ್ಲ. ಅನನ್ಯಳಿಗೆ ಹೇಳಿದಾಗ, "ಆಂಟಿ, ನಿಮಗಿಂತ ನಿಮ್ಮ ಅಮ್ಮನ್ನೇ ಕ್ಲಾಸಿಗೆ ಕಳಿಸಿ" ಎಂದಳು. ನನಗೆ ಹೊಟ್ಟೆಕಿಚ್ಚು ಆಗುವಷ್ಟು ಸಂತೋಷವಾಗಿತ್ತು. ಒಂದೇ ಅಳುಕು, ಈಗ ಅಮ್ಮ ಹೇಳುತ್ತಿದ್ದ ಉಳಿದರ್ಧ ಹಿಂದೆ ಯಾವಾಗಲೂ ಚಿಕ್ಕಮ್ಮನ ಪಾಲಾಗಿತ್ತು. ಅಮ್ಮ ಜನ್ಮದಲ್ಲಿ ಎರಡನೆಯ ಅರ್ಧ ಹೇಳಿದವಳಲ್ಲ. ಆ ಯೋಚನೆಯನ್ನು ನಾನು ಬಹಳ ಹೊತ್ತು ಇಟ್ಟುಕೊಳ್ಳಲಿಲ್ಲ.

ಒಂದು ಸಂಜೆ ನಾನು ಆಫೀಸಿನಿಂದ ಬರುವಾಗ ರೇಣುಕಾ ಗೇಟಿನ ಹೊರಗೇ ನಿಂತಿದ್ದಳು. ಅಮ್ಮ ಒಳಗೆ ಚಹಾ ಕುಡಿಯುತ್ತಿದ್ದಾಳೆ, ಏನೂ ಆಗಿಲ್ಲ ಎಂದು ಮೊದಲೇ ಹೇಳಿ, ಆಮೇಲೆ ದನಿ ತಗ್ಗಿಸಿದಳು.

"ಅಕ್ಕಾರ, ಅಮ್ಮಾರು ಮಧ್ಯಾಹ್ನ ಯಾರ ಜೋಡೀನೋ ಮಾತಾಡಾಕ ಹತ್ಯಾರ್ರಿ."

"ಬಾಯಿಪಾಠ ಹೇಳ್ಕೋತಿರ್ತಾರೆ ಕಣೇ."

"ಅದಲ್ರೀ. ಮೂರು ಅಂತಾರ, ಆಮ್ಯಾಲ ಸುಮ್ನ ಆಗ್ತಾರ. ಯಾರೋ ಅನ್ನೂದನ್ನ ಕೇಳ್ದಂಗ ಕುಂದರ್ತಾರ್ರಿ. ತಲಿ ಅಲ್ಲಾಡಸ್ತಾರ. ಮತ್ತ ಶುರು. ನಂಗ ಅಂಜಿಕಿ ಬಂದು ಅಡಿಗಿ ಮನ್ಯಾಗ ರೇಡಿಯೋ ಹಚ್ಚಿಕೊಂಡು ಕುಂತೆ ನೋಡ್ರಿ."

"ಏನಂತಾರೆ?"

"ತೋರ್ನೊ, ತೋರ್ನಿ ಅಂತ ಏನೋ."

ನಾನು ಕಲಿತದ್ದರಲ್ಲಿ ಆ ಪದ ಇರಲಿಲ್ಲ. ಶನಿವಾರ ತರಗತಿಗೆ ಹೋದಾಗ ಅನನ್ಯ ಬೋರ್ಡಿನ ಮೇಲೆ ಹೊಸ ಪಾಠದ ಪದಗಳನ್ನು ಬರೆದಳು. ಎರಡನೆಯದೋ ಮೂರನೆಯದೋ ಅದೇ ಇತ್ತು. ತೋರ್ನಾರೆ, ಮರಳಿ ಬರುವುದು. ಎಲ್ಲೋ ನಾನೇ ಮೊದಲೇ ಓದಿ ಮರೆತಿರಬೇಕು, ದೀಪದ ಮುಂದೆ ಗೊತ್ತಿಲ್ಲದೆ ಹೇಳಿಬಿಟ್ಟಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಬೇಕರಿಯಲ್ಲಿ ಪಫ್ಸ್ ಕೊಂಡು ತಿನ್ನಲಾಗದೆ ಹಾಗೇ ಮನೆಗೆ ತಂದೆ.

ಸೋಮವಾರ ಆಫೀಸಿಗೆ ರಜೆ ಹಾಕಿ ಅಡುಗೆಮನೆಯಲ್ಲಿ ರೇಣುಕಾಳ ಪಕ್ಕ ಕೂತೆ. ಊಟವಾದ ಮೇಲೆ, ಎದುರಿನ ಅಪಾರ್ಟ್‌ಮೆಂಟಿನ ನೆರಳು ಹಾಲಿಗೆ ಬಂದ ಹೊತ್ತಿಗೆ, ಅಮ್ಮ ಶುರು ಮಾಡಿದಳು. ಮೂರು ಪದ. ಆಮೇಲೆ ಮೌನ. ಆ ಮೌನ ಎಷ್ಟು ಉದ್ದವಿತ್ತೆಂದರೆ, ನನಗರಿವಿಲ್ಲದೆ ನಾನು ಮನಸ್ಸಿನಲ್ಲೇ ಉಳಿದ ಮೂರನ್ನು ಹೇಳಿ ಮುಗಿಸಿದೆ, ಸರಿಯಾಗಿ ಅಲ್ಲಿಗೆ ಮೌನವೂ ಮುಗಿದು ಅಮ್ಮ ಮತ್ತೆ ಮೊದಲಿಟ್ಟಳು. ರೇಣುಕಾ ನನ್ನ ಕೈ ಹಿಡಿದುಕೊಂಡಳು. ಕಿಟಕಿಯ ಹೊರಗೆ ಪಾರಿವಾಳಗಳು ಗುಟುರು ಹಾಕುತ್ತಿದ್ದವು, ಬೀದಿಯಲ್ಲಿ ಹಳೆ ಪೇಪರಿನವನು ಕೂಗಿಕೊಂಡು ಹೋದ. ಹಾಡುಹಗಲು.

ನನಗೊಂದು ಉಪಾಯ ಹೊಳೆಯಿತು. ಮೇಷ್ಟ್ರ ಬುದ್ಧಿ ಎನ್ನಿ. ಅಮ್ಮ ಬರೀ ಶಬ್ದ ಹೇಳುತ್ತಿದ್ದಾಳೆ, ಅದರ ಅರ್ಥ ಹೇಳಿಕೊಟ್ಟರೆ ಎದುರಿಗೆ ಇರುವವಳು ನಾನೆಂದು ತಿಳಿದೀತು, ಆಮೇಲೆ ಹೆಸರೂ ಬಂದೀತು. ಸಂಜೆ ಬೆರಳು ಹಿಡಿದು ಶುರು ಮಾಡಿದೆ. ಇಯೊ ಎನ್ನುವಾಗ ನನ್ನ ಎದೆ ಮುಟ್ಟಿಕೊಂಡೆ, ನಾನು. ತು ಎನ್ನುವಾಗ ಅಮ್ಮನನ್ನು ತೋರಿಸಿದೆ, ನೀನು. ಲೇಯಿ ಎನ್ನುವಾಗ ಹೊರಡಲು ನಿಂತಿದ್ದ ರೇಣುಕಾಳನ್ನು ತೋರಿಸಿದೆ, ಅವಳು. ರೇಣುಕಾ ಹಲ್ಲು ಕಿರಿದಳು. ಅಮ್ಮ ಎಲ್ಲವನ್ನೂ ಗಮನವಿಟ್ಟು ನೋಡಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅಷ್ಟು ಗಮನವಿಟ್ಟು ನೋಡಿದ್ದೇ ಇಲ್ಲ. ಆಮೇಲೆ ತನ್ನ ಎಡಗೈ ಎತ್ತಿದಳು.

"ಇಯೊ" ಎಂದು ತನ್ನ ಎದೆ ಮುಟ್ಟಿಕೊಂಡಳು. ನನಗೆ ಚಪ್ಪಾಳೆ ತಟ್ಟುವ ಹಾಗಾಯಿತು. "ತು" ಎಂದು ಬೆರಳನ್ನು ಮುಂದೆ ತಂದಳು. ಬೆರಳು ನನ್ನನ್ನು ದಾಟಿ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯ ಮೇಲೆ ನಿಂತಿತು. ಅಲ್ಲಿ ನಿಂತು, ನಿಧಾನವಾಗಿ ಹಿಂದಕ್ಕೆ ಬಂದು, "ಲೇಯಿ" ಎಂದು ನನ್ನನ್ನು ತೋರಿಸಿತು.

ನಾನು ನಗಲು ನೋಡಿದೆ. "ಇಲ್ಲಮ್ಮ, ನೀನು ಅಂದ್ರೆ ನಾನು, ಇಲ್ನೋಡು" ಎಂದು ಅಮ್ಮನ ಬೆರಳನ್ನು ಹಿಡಿದು ನನ್ನ ಕಡೆ ತಿರುಗಿಸಿದೆ. ಅಮ್ಮ ಬೆರಳನ್ನು ಬಿಡಿಸಿಕೊಂಡಳು. ಒರಟಾಗಿ ಅಲ್ಲ, ಮಾತಿನ ನಡುವೆ ಬಂದು ಸೆರಗು ಎಳೆಯುವ ಮಗುವಿನಿಂದ ಬಿಡಿಸಿಕೊಳ್ಳುವ ಹಾಗೆ. ನಾನೇ ಮುಂದುವರಿಸಿ ನೋಯಿ, ನಾವು, ಎಂದಾಗ ಅವಳ ಕೈ ಗಾಳಿಯಲ್ಲಿ ಒಂದು ಸುತ್ತು ಹಾಕಿತು. ಆ ಸುತ್ತಿನೊಳಗೆ ಮಂಚವಿತ್ತು, ಕುರ್ಚಿಯಿತ್ತು. ನಾನು ಇರಲಿಲ್ಲ. ದೊಡ್ಡವರಿಬ್ಬರು ಮಾತಾಡಿಕೊಳ್ಳುತ್ತಿದ್ದರು, ನಾನು ಪಕ್ಕದಲ್ಲಿ ಕೂತಿದ್ದೆ. ರೇಣುಕಾ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಗೇಟಿನವರೆಗೆ ಓಡಿದಳು.

ಮರುದಿನ ಬೆಳಿಗ್ಗೆ ಕುರ್ಚಿಯನ್ನು ಎತ್ತಿ ಹಿಂದಿನ ವರಾಂಡದಲ್ಲಿ ವಾಷಿಂಗ್ ಮೆಷಿನ್ನಿನ ಪಕ್ಕ ಇಟ್ಟೆ. ಭಯಕ್ಕೆ ಅಲ್ಲ, ಹಟಕ್ಕೆ. ನನ್ನ ತಾಯಿ ನನ್ನೊಂದಿಗೆ ಮಾತಾಡಬೇಕು. ಬೆತ್ತದ ಕುರ್ಚಿ ನೋಡಿದಷ್ಟು ಹಗುರವಾಗಿರಲಿಲ್ಲ. ಅಂದು ಸಂಜೆ ಮೊದಲ ಮೂರನ್ನು ಹೇಳಿ ಕಾದೆ. ಅಮ್ಮ ಬಾಯಿ ತೆರೆಯಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಊಟ ಅರ್ಧಕ್ಕೆ ನಿಂತಿತು. ಕಿಟಕಿಯ ಕಡೆ ನೋಡುವುದನ್ನೂ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಡಾಕ್ಟರಿಗೆ ಫೋನು ಮಾಡಿದರೆ, ಹೀಗೆ ಬಂದದ್ದು ಹೋಗುವುದೂ ಉಂಟು ಎಂದರು. ಮನೆಯಲ್ಲಿ ಮತ್ತೆ ಫ್ರಿಜ್ಜಿನ ಗುಂಯ್ ಎನ್ನುವ ಸದ್ದು ಮಾತ್ರ ಉಳಿಯಿತು.

ಕೊನೆಗೆ ರೇಣುಕಾಳೇ ಅಂದಳು. "ಕುರ್ಚಿ ಒಳಗ ತರ್ರಿ ಅಕ್ಕಾರ."

"ನಿಂಗೆ ಭಯ ಆಗಲ್ವೇನೇ?"

"ಆಗ್ತದ್ರಿ. ಆದ್ರ ಅಮ್ಮಾರು ಹಿಂಗ ಸುಮ್ನ ಕುಂತದ್ದು ನೋಡಿದ್ರ ಅದಕ್ಕಿಂತ ಜಾಸ್ತಿ ಅಂಜಿಕಿ ಬರ್ತದ. ಇರ್ಲಿ ಬಿಡ್ರಿ. ಯಾರ ಜೋಡಿಯಾದ್ರೂ ಮಾತಾಡ್ಲಿ."

ಇಬ್ಬರೂ ಹಿಡಿದು ತಂದು ಕಿಟಕಿಯ ಪಕ್ಕ ಇಟ್ಟೆವು. ಅದರ ನಾಲ್ಕು ಕಾಲುಗಳ ಗುರುತು ನೆಲದಲ್ಲಿ ಹಾಗೇ ಇತ್ತು. ಅಮ್ಮ ಗೋಡೆಯಿಂದ ಮುಖ ತಿರುಗಿಸಿದಳು. ಆ ಸಂಜೆ ದೀಪ ಹಚ್ಚುವ ಮುಂಚೆಯೇ ಮಾತು ಶುರುವಾಯಿತು.

ಯಾರ ಜೋಡಿಯಾದರೂ ಮಾತಾಡಲಿ ಎಂದು ರೇಣುಕಾ ಸುಲಭವಾಗಿ ಅಂದುಬಿಟ್ಟಳು, ಅವಳು ದೊಡ್ಡ ಮನಸ್ಸಿನವಳು. ನನ್ನ ಮನಸ್ಸು ಅಷ್ಟು ದೊಡ್ಡದಲ್ಲ. ದಿನವೂ ಮಣೆಯ ಮೇಲೆ ಕೂತು, ನನ್ನ ತಲೆಯ ಮೇಲಿನಿಂದ ಹೋಗುವ ಆ ನೋಟವನ್ನು, ನನ್ನನ್ನು ದಾಟಿಹೋಗುವ ಆ ಬೆರಳನ್ನು ನೋಡುತ್ತಾ ಸತ್ತವಳ ಮೇಲೆ ಅಸೂಯೆಪಟ್ಟೆ. ನನ್ನನ್ನು ಎತ್ತಿ ಆಡಿಸಿದ ಚಿಕ್ಕಮ್ಮ ಅವಳು. ಆದರೂ ನನ್ನ ಅಮ್ಮನನ್ನು ನನಗೆ ಬಿಟ್ಟುಕೊಡು ಎಂದು ಆ ಖಾಲಿ ಕುರ್ಚಿಗೆ ಒಮ್ಮೆ ಗಟ್ಟಿಯಾಗಿಯೇ ಹೇಳಿದ್ದೇನೆ.

ಹೋದ ಶುಕ್ರವಾರ ಆಫೀಸಿನಿಂದ ಬೇಗ ಬಂದೆ. ರೇಣುಕಾ ಹೊರಟಳು. ದೀಪ ಹಚ್ಚಿದೆ, ಮಣೆ ಹಾಕಿದೆ. ಕೂರಲಿಲ್ಲ. ಅಮ್ಮ ಮಾತಾಡುವುದು ಕುರ್ಚಿಯ ಜೊತೆಗೇ ಆದರೆ, ಕುರ್ಚಿಯಲ್ಲಿ ಕೂರುವವಳು ನಾನೇ ಯಾಕಾಗಬಾರದು? ಅಷ್ಟು ದಿನ ಇದು ಯಾಕೆ ಹೊಳೆಯಲಿಲ್ಲವೋ, ಹೊಳೆದರೂ ಯಾಕೆ ತಡೆದೆನೋ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಕೂತೆ. ಬೆತ್ತ ಕಿರುಗುಟ್ಟಿತು. ಸೀಟು ತಣ್ಣಗಿರಬೇಕಿತ್ತು. ಬೆಚ್ಚಗಿತ್ತು. ಬಿಸಿಲು ಬಿದ್ದಿರಬೇಕು ಎಂದುಕೊಂಡೆ, ಮಧ್ಯಾಹ್ನದ ಮೇಲೆ ಬಿಸಿಲು ಆ ಕಿಟಕಿಗೆ ಬರುವುದು ನಿಂತು ವರ್ಷಗಳಾಗಿದ್ದರೂ.

ಅಮ್ಮ ಎಡಗೈ ಎತ್ತಿ ಎದೆ ಮುಟ್ಟಿಕೊಂಡಳು. "ಇಯೊ ಕಿಯಾಮೊ." ನಾನು ಕರೆಯುತ್ತೇನೆ. ಬೆರಳು ಗಾಳಿಯಲ್ಲಿ ಬಂತು, ನೇರವಾಗಿ ನನ್ನ ಕಡೆಗೆ. "ತು ಕಿಯಾಮಿ." ಕಣ್ಣು ನನ್ನ ಕಣ್ಣಿನಲ್ಲೇ ಇತ್ತು. ಆಸ್ಪತ್ರೆಯ ನಂತರ ಮೊದಲ ಸಲ ಅಮ್ಮ ನನ್ನನ್ನು ನೋಡಿದಳು, ಪೂರ್ತಿಯಾಗಿ, ಪ್ರೀತಿಯಿಂದ, ತುಟಿಯಂಚಿನಲ್ಲಿ ಹಳೆಯ ಜಗಳಗಂಟಿ ನಗುವಿನಿಂದ. ನನಗೆ ಅಳು ಬಂತು. ನೋಡಲಿ, ಯಾರೆಂದಾದರೂ ತಿಳಿದು ನೋಡಲಿ ಎನ್ನಿಸಿತು.

"ಲೇಯಿ ಕಿಯಾಮಾ" ಎಂದು ಅವಳ ಬೆರಳು ದೀಪದ ಪಕ್ಕದ ಖಾಲಿ ಮಣೆಗೆ ಹೋಯಿತು. ಆಮೇಲೆ ಅಮ್ಮ ನಿಲ್ಲಿಸಿ ನನ್ನನ್ನು ನೋಡಿದಳು. ನನ್ನ ಸರದಿ. ಕಿಯಾಮಿಯಾಮೊ, ಕಿಯಾಮಾತೆ, ಕಿಯಾಮಾನೊ ಎಂದೆ. ನನ್ನ ಗಂಟಲಿನಿಂದ ಬಂದ ಧ್ವನಿ ತೆಳ್ಳಗೆ, ಸ್ವಚ್ಛವಾಗಿ, ದೂರದ ಊರಿಗೆ ಕರೆ ಜೋಡಿಸುವವರ ಧ್ವನಿಯಾಗಿತ್ತು. ಅಮ್ಮ ಸರಿ ಎಂಬಂತೆ ತಲೆಯಾಡಿಸಿದಳು.

ಹೊರಗೆ ಬೀದಿದೀಪ ಹತ್ತಿಕೊಂಡಿತು. ಅಮ್ಮ ಮಂಚದ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಮಣೆಯ ಕಡೆ ನೋಡಿದಳು. ಮಣೆಯ ಮೇಲೆ ಒಂದು ಮಗುವಿನ ಎತ್ತರಕ್ಕೆ.

"ನಳಿನೀ" ಎಂದಳು.

ಅದೇ ದನಿ, ಅದೇ ಎಳೆತ. ನಾನು ವರ್ಷವೆಲ್ಲ ಕಾದ ಕೂಗು. "ಅಮ್ಮಾ" ಎಂದು ಓಗೊಡಲು ಬಾಯಿ ತೆರೆದೆ.

ಅಮ್ಮ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ನೀನು ಸುಮ್ಮನಿರು, ಮಗು ತಾನೇ ಹೇಳಲಿ ಎಂಬ ಹಾಗೆ. ಮತ್ತೆ ಮಣೆಯ ಕಡೆ ನೋಡಿದಳು. ನಾನೂ ನೋಡಿದೆ. ನಾನು ಏನೆನ್ನುತ್ತೇನೋ ಎಂದು ನಾವಿಬ್ಬರೂ ಕಾಯುತ್ತಾ ಕೂತೆವು.